ಕಾಲು ನೋವಿಗೆ ಕಾಲು ಸೂಪು

ಗೆಳೆಯರೇ, ಆರು ತಿಂಗಳಿಂದ ಕಾಲಿನ ಹೆಬ್ಬೆರಳನ್ನು ಹಿಂಡುತ್ತಿರುವ ನನ್ನ ಗೌಟ್ ನೋವಿಗೆ ಇವತ್ತು ಸಾಗರದಲ್ಲಿ ಒಬ್ಬರು ಲೇಡಿ ಡಾಕ್ಟರು ಸಿಕ್ಕರು. ತೀರ್ಥಹಳ್ಳಿಯಲ್ಲಿ ಎಣ್ಣೆ ಕೊಟ್ಟಿದ್ದರು, ಹೊಸನಗರದಲ್ಲಿ ಇಂಜೆಕ್ಷನ್ ಚುಚ್ಚಿದ್ದರು. ಏನು ತಿನ್ನುತ್ತೀರಿ ಎಂದು ಕೇಳಿದವರು ಇವರೇ ಮೊದಲು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಜಯ ಹೆಮ್ಮೆಯಿಂದ ಹೇಳಿದಳು: “ವಾರಕ್ಕೆರಡು ಸಲ ಕುರಿ ಕಾಲಿನ ಸೂಪು ಕೊಡ್ತೀನಿ ಮೇಡಂ. ಐದು ಗಂಟೆಗೇ ಎದ್ದು ಒಲೆ ಮೇಲೆ ಇಡ್ತೀನಿ. ಕಾಲು ನೋವಿಗೆ ಅದೇ ಒಳ್ಳೇದು ಅಂತಾರಲ್ಲ.”

ಡಾಕ್ಟರು ರಕ್ತದ ರಿಪೋರ್ಟು ನೋಡಿ ಮೆಲ್ಲಗೆ ಅಂದರು: “ಅಮ್ಮಾ, ಇವ್ರಿಗೆ ಯೂರಿಕ್ ಆಸಿಡ್ ಜಾಸ್ತಿ ಇದೆ. ಆ ಸೂಪಿಂದ ಇನ್ನೂ ಏರುತ್ತೆ. ಇವತ್ತಿಂದಲೇ ನಿಲ್ಸಿ.”

ವಾಪಸು ಬರುವಾಗ ಬಸ್ಸಿನಲ್ಲಿ ಜಯ ಮಾತ್ರೆಯ ಕವರು ಹಿಡಿದುಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದಳು. ಯಾರೂ ನನ್ನ ಬೆರಳು ತುಳಿಯದಂತೆ ತನ್ನ ಬ್ಯಾಗನ್ನು ನನ್ನ ಪಾದದ ಮುಂದೆ ಇಟ್ಟಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ನಾನೇ ನೋವು ಜಾಸ್ತಿ ಮಾಡ್ದೆ ಅಲ್ವಾ? ನೀವಾದ್ರೂ ಬೇಡ ಅನ್ಬಾರ್ದಿತ್ತಾ?”

“ಅಷ್ಟು ರುಚಿಯಾಗಿತ್ತು ಮಾರಾಯ್ತಿ. ಹೆಂಗೆ ಬೇಡ ಅನ್ಲಿ?” ಅಂದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. “ವಾಸಿ ಆಗ್ಲಿ, ಡಾಕ್ಟ್ರನ್ನ ಕೇಳಿ ಹಬ್ಬಕ್ಕೊಂದ್ಸಲ ಮಾಡ್ಕೊಡ್ತೀನಿ.”

ಗೆಳೆಯರೇ, ಆ ಸೂಪಿನ ವಾಸನೆಗೇ ನನಗೆ ಮೊದಲ ದಿನದಿಂದ ಹೊಟ್ಟೆ ತೊಳಸುತ್ತಿತ್ತು. ಜಯ ಫೇಸ್‌ಬುಕ್ಕಿನಲ್ಲಿಲ್ಲ. ಕಮೆಂಟು ಏನು ಬೇಕಾದರೂ ಹಾಕಿ, ಮನೆಗೆ ಬಂದಾಗ ಮಾತ್ರ ಬಾಯಿ ಬಿಡಬೇಡಿ.