ನೀರಕ್ಕನ ನೀಲಿ

ಫ್ಲ್ಯಾಟು ಕಟ್ಟಿ ಮಾರುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ನೀರಕ್ಕ ಎಂದೇ ಕರೆಯುತ್ತಿದ್ದರು. ನಕ್ಷೆಗಾರರು ಗೋಡೆ, ಬಾಲ್ಕನಿ, ಮರಗಿಡ ಎಲ್ಲ ಗೀಚಿ ಮುಗಿಸಿದ ಮೇಲೆ ಹಾಳೆ ಅವಳ ಮೇಜಿಗೆ ಬರುತ್ತಿತ್ತು. ಅದಕ್ಕೆ ಆಕಾಶ ತುಂಬುವುದು, ಆಮೇಲೆ ಈಜುಕೊಳಕ್ಕೆ ನೀರು ತುಂಬುವುದು ಅವಳ ಕೆಲಸ. ಹರೆಯದಲ್ಲಿ ಸೇರಿದವಳು, ತಲೆ ನೆರೆಯುವವರೆಗೂ ಕಾಗದಕ್ಕೆ ನೀರು ಹೊಯ್ಯುತ್ತಲೇ ಇದ್ದಳು.

ಮನುಷ್ಯಜಾತಿಯ ಬಗ್ಗೆ ನೀರಕ್ಕನಿಗೆ ಅಂಥ ಗೌರವವೇನೂ ಇರಲಿಲ್ಲ. ನಕ್ಷೆಗಾರರನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಅವರು ಬರೆಯುವ ಮನುಷ್ಯರಿಗೆ ಪಾದವೇ ಇರುತ್ತಿರಲಿಲ್ಲ, ಎಲ್ಲರೂ ದೆವ್ವಗಳ ಹಾಗೆ ಹುಲ್ಲಿನ ಮೇಲೆ ತೇಲುತ್ತಿದ್ದರು. ಯಜಮಾನನ ವಿಷಯ ಕೇಳುವುದೇ ಬೇಡ. ಒಮ್ಮೆ ಆತ ಅವಳ ಮೇಲೆ ಪ್ರೀತಿ ಉಕ್ಕಿ ಒಂದು ಡಬ್ಬಿ ಟರ್ಕಾಯ್ಸ್, ಅಂದರೆ ಸಿದ್ಧ ಹಸಿರುನೀಲಿ ಬಣ್ಣದ ಟ್ಯೂಬು ತಂದುಕೊಟ್ಟ.

"ಇನ್ಮೇಲೆ ಕಲಸೋ ಕಷ್ಟ ಇಲ್ಲ ನೀರಕ್ಕ. ಹಿಂಡೋದು, ಬಳಿಯೋದು."

"ಹಲ್ಲುಜ್ಜೋಕೆ ಆಗುತ್ತೆ ಸಾರ್," ಎಂದು ಅವಳು ಡಬ್ಬಿಯನ್ನು ಡ್ರಾಯರಿಗೆ ತಳ್ಳಿದಳು. ಅದರಲ್ಲಿ ಬಿಳಿ ಬೆರೆಸಿರುತ್ತಾರೆ. ಬಳಿದರೆ ಸುಣ್ಣದ ಗೋಡೆಯ ಹಾಗೆ ಮಂಕಾಗಿ ಕೂರುತ್ತದೆ, ಬೆಳಕು ಒಳಗೆ ಹೋಗುವುದಿಲ್ಲ. ನೀರು ನೀರಿನ ಹಾಗೆ ಕಾಣಬೇಕಾದರೆ ಅಡಿಯ ಕಾಗದದ ಬಿಳುಪು ಬಣ್ಣದೊಳಗಿಂದ ಮೇಲೆ ಬರಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಹೇಳಿದರೆ ಅರ್ಥವಾಗುವ ತಲೆ ಅಲ್ಲಿ ಒಂದೂ ಇರಲಿಲ್ಲವಾದ್ದರಿಂದ ಅವಳು ಯಾರಿಗೂ ಹೇಳಲಿಲ್ಲ.

ನೀಲಿಗಳನ್ನೂ ಅವಳು ಮನುಷ್ಯರ ಹಾಗೇ ಅಳೆಯುತ್ತಿದ್ದಳು. ಪ್ರಷ್ಯನ್ ನೀಲಿ ಮುಖ ಗಂಟಿಕ್ಕಿಕೊಂಡ ಮಾವನ ಥರ, ಎಲ್ಲಿಗೆ ಕರೆದರೂ ಶೋಕ ತರುತ್ತದೆ. ಅಲ್ಟ್ರಾಮರೀನ್ ಒಣಗಿದಾಗ ರವೆಯಂತೆ ಕಾಳುಕಾಳಾಗಿ ಕೂರುತ್ತದೆ. ಕಲ್ಲಿನ ನೆರಳಿಗೆ ಸರಿ, ಕೊಳಕ್ಕೆ ಹಾಕಿದರೆ ಪಾಚಿ ಕಟ್ಟಿದ ಹಾಗೆ. ಕೋಬಾಲ್ಟ್ ಸಭ್ಯಸ್ಥ, ಆಕಾಶಕ್ಕೆ ಅದೇ ಸಾಕು. ಕೊಳಕ್ಕೆ ಬೇಕಾದದ್ದು ಥ್ಯಾಲೊ ನೀಲಿ. ಅದು ಮಹಾ ಪೋಕರಿ, ಅಕ್ಕಿಕಾಳಿನಷ್ಟು ತೆಗೆದರೂ ತಟ್ಟೆಯನ್ನೆಲ್ಲ ನುಂಗುತ್ತದೆ, ಒಮ್ಮೆ ಕಾಗದಕ್ಕೆ ಹತ್ತಿತೆಂದರೆ ಬಿಡುವುದಿಲ್ಲ. ಅದನ್ನು ಬಟ್ಟಲು ತುಂಬ ನೀರಿನಲ್ಲಿ ಕದಡಿ, ಕುಂಚದ ತುದಿಯಿಂದ ಥ್ಯಾಲೊ ಹಸಿರನ್ನು ತುಸುವೇ ಸೋಕಿಸಿ, ಹಲಗೆಯನ್ನು ಓರೆ ಮಾಡಿ ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿಗೆ ಇಳಿಸುತ್ತಿದ್ದಳು. ಒಣಗಿದ ಮೇಲೆ ಆಳದ ಕಡೆಗೆ ಇನ್ನೊಂದು ಪದರ. ಹಸಿ ಇರುವಾಗಲೇ ಬಟ್ಟೆಯ ಚುಂಗಿನಿಂದ ಅಲ್ಲಲ್ಲಿ ಒತ್ತಿ ತೆಗೆದರೆ ಅಲೆಯ ಹೊಳಪು. ನೋಡಿದವರಿಗೆ ಕೈ ಅದ್ದಬೇಕು ಅನ್ನಿಸುತ್ತಿತ್ತು.

"ಇನ್ನೂ ಸ್ವಲ್ಪ ನೀರಕ್ಕ," ಎನ್ನುತ್ತಿದ್ದ ಯಜಮಾನ. "ನೋಡಿದೋರಿಗೆ ಬಾಯಾರಬೇಕು."

ಬಾಯಾರುತ್ತಲೂ ಇತ್ತು. ಅವಳ ಮೇಜಿನಿಂದ ಗಾಜಿನ ತಡಿಕೆಯಾಚೆ ಮುಂದಿನ ಕೋಣೆ ಕಾಣುತ್ತಿತ್ತು. ಗಂಡಹೆಂಡಿರು ಬರುತ್ತಿದ್ದರು. ಅಡುಗೆಮನೆ ಎಷ್ಟಗಲ, ಬಚ್ಚಲಿಗೆ ಕಿಟಕಿ ಇದೆಯೇ, ಮಳೆ ಬಂದರೆ ಗೋಡೆ ಒಸರುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಗೋಡೆಯ ಚಿತ್ರದ ಮುಂದೆ ನಿಂತು ಕೊಳದ ಮೇಲೆ ಬೆರಳಿಡುತ್ತಿದ್ದರು. ಅಂಗೈಯಲ್ಲಿ ಅರಮನೆ ತೋರಿಸಿದರೆ ಅಂಗೈಗೇ ಬಾಡಿಗೆ ಕೊಡುವ ಜನ! ನೀರಕ್ಕ ಕುಂಚ ತೊಳೆಯುತ್ತ, "ಬಿದ್ದರು ನೋಡು ಹಳ್ಳಕ್ಕೆ," ಎಂದು ತನ್ನಷ್ಟಕ್ಕೆ ನಗುತ್ತಿದ್ದಳು. ಆ ಹಳ್ಳ ತೋಡಿದವರು ಯಾರು ಎಂಬ ಪ್ರಶ್ನೆ ಅವಳಿಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆ ಚಿತ್ರದ ಮುಂದೆ ಅವಳ ತಮ್ಮನೇ ನಿಂತಿದ್ದ.

ತಮ್ಮ ಶಾಲೆಯಲ್ಲಿ ಗಣಿತ ಹೇಳಿಕೊಡುವವನು. ನೀರಕ್ಕ ಮದುವೆಯಾಗದೆ ಅವನ ಜೊತೆಯಲ್ಲೇ ಇದ್ದಳು. ಎರಡು ಕೋಣೆಯ ಮನೆ, ಅವಳ ಹಾಸಿಗೆ ನಡುಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ. ಅಕ್ಕ ಯಾವುದೋ ಕಚೇರಿಯಲ್ಲಿ ಏನೋ ಬಣ್ಣಗಿಣ್ಣ ಹಾಕುತ್ತಾಳೆ ಎನ್ನುವುದಕ್ಕಿಂತ ಹೆಚ್ಚು ಅವನಿಗೆ ತಿಳಿದಿರಲಿಲ್ಲ, ಕೇಳಿಯೂ ಇರಲಿಲ್ಲ. ಈಗ ಅವನು ಕನ್ನಡಕ ಹಣೆಗೇರಿಸಿ, ಹೆಂಡತಿಯ ತೋಳು ಹಿಡಿದು, ಎಲ್ಲರ ಹಾಗೇ ಕೊಳದ ಮೇಲೆ ಬೆರಳಿಟ್ಟ. ನೀರಕ್ಕ ಬಗ್ಗಿ ಮೇಜಿನ ಮರೆಗೆ ಸರಿದಳು.

ಸಂಜೆ ಅವನು ಮನೆಗೆ ಬಂದದ್ದು ಮದುಮಗನ ಹುರುಪಿನಲ್ಲಿ.

"ಅಕ್ಕಾ, ಫ್ಲ್ಯಾಟ್ ಮಾತಾಡಿಬಂದೆ. ನಿನಗೇ ಅಂತ ಒಂದು ಕೋಣೆ ಇದೆ, ಕೊಳದ ಕಡೆ ಕಿಟಕಿ. ಎಷ್ಟು ವರ್ಷ ಈ ನಡುಮನೇಲಿ ಮಲಗ್ತೀಯ?"

"ಅಲ್ಲಿ ಕೊಳ ಇಲ್ಲ ಕಣೋ," ಎಂದಳು ನೀರಕ್ಕ. "ಪಂಪಿನ ಮನೆ ಬರುತ್ತೆ."

"ನಿನಗೇನು ಗೊತ್ತು?"

"ಆ ಕೊಳ ಬರೆದಿದ್ದೇ ನಾನು."

ಅವನು ಚೀಲದಿಂದ ಬಣ್ಣದ ಹಾಳೆ ತೆಗೆದು ಬಿಡಿಸಿದ. ನೋಡಿದ. ಅಕ್ಕನ ಉಗುರಿನ ಸಂದಿಯಲ್ಲಿದ್ದ ನೀಲಿಯನ್ನೂ ನೋಡಿದ. ಆಮೇಲೆ ತಲೆಯಾಡಿಸಿದ. "ಸುಮ್ಮನಿರು. ಯಾರಿಗಾದ್ರೂ ಒಳ್ಳೇದಾಗುತ್ತೆ ಅಂದ್ರೆ ನಿನಗೆ ಸೇರಲ್ಲ. ಇಷ್ಟು ಚೆನ್ನಾಗಿ ಬರೆದೋರು ಸುಳ್ಳು ಬರೀತಾರಾ? ಈ ನೀರು ನೋಡು, ಹೇಗೆ ಹೊಳೀತಾ ಇದೆ!"

ಹುಟ್ಟಿದಾಗಿನಿಂದ ತಮ್ಮ ಅವಳ ಯಾವ ಕೆಲಸವನ್ನೂ ಹೊಗಳಿದವನಲ್ಲ. ನೀರಕ್ಕನಿಗೆ ಎದೆಯೊಳಗೆ ಏನೋ ಜುಮ್ಮೆಂದಿತು. ಕೂಗಿ ಜಗಳವಾಡಿ ಆ ಹಾಳೆಯನ್ನು ಹರಿದೆಸೆಯಬೇಕಾಗಿದ್ದ ಹೊತ್ತಿನಲ್ಲಿ ಅವಳು, "ಆ ಮೂಲೆ ಇನ್ನೂ ಸ್ವಲ್ಪ ತಿಳಿಯಾಗಬೇಕಿತ್ತು," ಎಂದುಬಿಟ್ಟಳು. ತಮ್ಮನ ಹೆಂಡತಿ ಪಕ್ಕನೆ ನಕ್ಕಳು. ಅಲ್ಲಿಗೆ ಮಾತು ಮುಗಿಯಿತು. ಆ ದಿನದಿಂದ ನೀರಕ್ಕನ ತಿರಸ್ಕಾರದ ಪಟ್ಟಿಗೆ ಹಾಗೆ ನಕ್ಕವಳ ಹೆಸರೂ ಸೇರಿತು.

ಮಾರನೆಯ ದಿನ ಯಜಮಾನನ ಮುಂದೆ ನಿಂತು, "ಆ ಕೊಳ ಕಟ್ಟಿಬಿಡಿ ಸಾರ್," ಎಂದಳು.

ಅವನು ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಬರೆದಿದ್ದನ್ನೆಲ್ಲ ಕಟ್ಟೋಕಾಗುತ್ತಾ? ಕೆಳಗೆ ಓದಿ, ಸಣ್ಣ ಅಕ್ಷರದಲ್ಲಿ ಹಾಕಿದೀವಲ್ಲ: 'ಚಿತ್ರ ಕಲಾವಿದರ ಕಲ್ಪನೆ'. ಕಲಾವಿದರು ಅಂದ್ರೆ ಯಾರು? ನೀವು."

ಆ ಕಚೇರಿಯಲ್ಲಿ ಅವಳನ್ನು ಕಲಾವಿದೆ ಎಂದದ್ದು ಅದೊಂದೇ ಸಲ. ಆ ಮಧ್ಯಾಹ್ನ ಅವಳು ಹೊಸ ಹಾಳೆಯ ಕೊಳಕ್ಕೆ ಸಿಮೆಂಟಿನ ಬೂದು ಬಳಿಯಬೇಕೆಂದು ಕೂತಳು. ಅಲ್ಟ್ರಾಮರೀನ್‌ಗೆ ಕಂದು ಬೆರೆಸಿದಳು, ಕುಂಚ ಅದ್ದಿದಳು, ಕಾಗದದವರೆಗೂ ಒಯ್ದಳು. ಕೈ ಬರಲಿಲ್ಲ. ಅದು ಭಯವೇನಲ್ಲ, ಕೆಟ್ಟದಾಗಿ ಬರೆಯಲು ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ. ಕುಂಚ ತೊಳೆದು ಎಂದಿನ ಹಸಿರುನೀಲಿಯನ್ನೇ ಇಳಿಸಿದಳು.

ಕಟ್ಟಡ ಎದ್ದಿತು. ಕೊಳದ ಜಾಗದಲ್ಲಿ ಸಿಮೆಂಟಿನ ಗೂಡೊಂದು ಎದ್ದು ಗುರ್ರೆನ್ನತೊಡಗಿತು. ಕೊಂಡವರೆಲ್ಲ ಒಟ್ಟಾಗಿ ಕಚೇರಿಗೆ ನುಗ್ಗಿದರು. ಯಜಮಾನ ಚೂರೂ ಬೆವರಲಿಲ್ಲ. ಗಾಜಿನ ಬಾಗಿಲು ತೆರೆದು, "ನೀರಕ್ಕ, ಬನ್ನಿ ಇಲ್ಲಿ," ಎಂದು ಕರೆದ. "ಬರೆದೋರು ಇವರು. ಕಲ್ಪನೆ ಇವರದ್ದು. ನನ್ನನ್ನ ಏನು ಕೇಳ್ತೀರಿ?"

ಮೂವತ್ತು ಜೋಡಿ ಕಣ್ಣು ಅವಳತ್ತ ತಿರುಗಿದವು. ಹಿಂದಿನ ಸಾಲಿನಲ್ಲಿ ತಮ್ಮ ನೆಲ ನೋಡುತ್ತ ನಿಂತಿದ್ದ.

"ಬರೆದಿದ್ದು ನಾನೇ," ಎಂದಳು ನೀರಕ್ಕ. "ಹಾಳೆ ನನ್ನ ಮೇಜಿಗೆ ಬಂದಾಗ ಅಲ್ಲಿ ಪಂಪಿನ ಮನೆ ಇತ್ತು. ಇವರು ಅದರ ಮೇಲೇ ನೀರು ಹಾಕಿ ಅಂದ್ರು, ಹಾಕಿದೆ. ಇದೊಂದೇ ಕಟ್ಟಡಕ್ಕಲ್ಲ, ಎಲ್ಲದಕ್ಕೂ. ಇವರು ಕಟ್ಟಿದ ಎಷ್ಟು ಕೊಳ ನೀವು ಕಣ್ಣಾರೆ ನೋಡಿದೀರಿ, ಹೇಳಿ. ನಾನಂತೂ ಒಂದೂ ನೋಡಿಲ್ಲ."

ಯಜಮಾನ ಅಲ್ಲೇ ಅವಳನ್ನು ಕೆಲಸದಿಂದ ತೆಗೆದ. ಜನರಾದರೂ ಅವಳ ಪರ ನಿಂತರೇ? ಅರ್ಧಕ್ಕರ್ಧ ಜನ ಅವಳ ಮೇಲೇ ಹರಿಹಾಯ್ದರು. ನೆಲಮಹಡಿಯ ಮನೆ ಕೊಂಡಿದ್ದ ನಿವೃತ್ತ ಗುಮಾಸ್ತನಂತೂ, "ನಿಮ್ಮ ಕೈ ಸೇದಿಹೋಗ!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದ. ಆಮೇಲೆ ಯಜಮಾನ ಎಲ್ಲರಿಗೂ ತಂಪು ಪಾನೀಯ ಕುಡಿಸಿ ಕಾರಂಜಿ ಮಾಡಿಕೊಡುತ್ತೇನೆಂದ. ಜನ ತಣ್ಣಗಾದರು. ಕೊಳ ಹೋಗಿ ಕಾರಂಜಿಯಾಯಿತು, ಕಾರಂಜಿ ಹೋಗಿ ಕೊನೆಗೆ ಗೇಟಿನ ಹತ್ತಿರ ಒಂದು ನಲ್ಲಿ ಬಂತು. ಅದರಲ್ಲಿ ಕಾರು ತೊಳೆದುಕೊಂಡು ಸುಖವಾಗಿದ್ದರು.

ಅಂದು ಅಕ್ಕ ತಮ್ಮ ಒಟ್ಟಿಗೆ ಮನೆಗೆ ನಡೆದುಬಂದರು.

"ನಾನು ಹೇಳಿರಲಿಲ್ವೇನೋ?" ಎಂದಳು ಅವಳು ದಾರಿಯಲ್ಲಿ.

"ಹೇಳಿದ್ದೆ. ಆದರೆ ನೀನು ಹೇಳಿದ್ದಕ್ಕಿಂತ ಬರೆದಿದ್ದು ಚೆನ್ನಾಗಿತ್ತು ಅಕ್ಕ."

ಎಲ್ಲರಿಗೂ ಮೂತಿ ತಿರುವುತ್ತ ಬಂದವಳಿಗೆ ತನ್ನ ಮೂತಿಯನ್ನು ಎತ್ತ ತಿರುವುವುದೋ ತಿಳಿಯಲಿಲ್ಲ.

ಹೊಸ ಮನೆಗೆ ಹೋದರು. ಹೇಳಿದ ಮಾತಿಗೆ ತಪ್ಪದೆ ತಮ್ಮ ಆ ಕೋಣೆಯನ್ನು ಅವಳಿಗೇ ಕೊಟ್ಟ. ಕಿಟಕಿ ತೆರೆದರೆ ಪಂಪು, ಮುಚ್ಚಿದರೂ ಪಂಪು. ಅವಳ ಕಚೇರಿಯ ಮೇಜಿನ ಮೇಲೆ ಈಗ ಕಂಪ್ಯೂಟರ್ ಇದೆ, ಒಂದು ಗುಂಡಿ ಒತ್ತಿದರೆ ಕೊಳಕ್ಕೆ ನೀರು ತುಂಬುತ್ತದೆ ಎಂದು ಯಾರೋ ಬಂದು ಹೇಳಿದರು. "ಒತ್ತೋ ಕೈಗೆ ತಕ್ಕ ನೀಲಿ," ಎಂದು ನೀರಕ್ಕ ಬಾಗಿಲು ಹಾಕಿಕೊಂಡಳು.

ಒಂದು ಭಾನುವಾರ ಬಾಗಿಲು ತಟ್ಟಿದ್ದು ಅದೇ ನಿವೃತ್ತ ಗುಮಾಸ್ತ. ಬಗಲಲ್ಲಿ ಹೊಸ ಬಣ್ಣದ ಪೆಟ್ಟಿಗೆ.

"ಹೊತ್ತು ಹೋಗಲ್ಲಮ್ಮ. ಆ ಕೊಳ ಬರೆಯೋದು ನನಗೂ ಹೇಳಿಕೊಡಿ. ನಮ್ಮ ಗೋಡೆಗೆ ಹಾಕ್ಕೋತೀನಿ."

ಅವಳು ಪೆಟ್ಟಿಗೆ ತೆರೆದು ನೋಡಿದಳು, ಟರ್ಕಾಯ್ಸ್ ಟ್ಯೂಬನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಕಸದ ಬುಟ್ಟಿಗೆ ಹಾಕಿದಳು. "ಕೊಳ ಇಲ್ಲಿ ಎಲ್ಲಿದೆ? ಕಣ್ಣು ಕಾಣುತ್ತಲ್ಲ ನಿಮಗೆ? ಕಿಟಕೀಲಿ ಏನು ಕಾಣುತ್ತೋ ಅದನ್ನ ಬರೀರಿ."

"ಪಂಪಿನ ಮನೆನಾ?"

"ಹೂಂ. ನೀಲಿ ಹಿಂಡಿ, ಕಂದು ಹಿಂಡಿ, ಕಲಸಿ. ಸಿಮೆಂಟು ಬರೋವರೆಗೂ ಕಲಸಿ."

ಮುದುಕ ಗೊಣಗುತ್ತ ಕೂತ. ಮೊದಲ ವಾರ ಕೆಸರು ಬಂತು, ಎರಡನೆಯ ವಾರವೂ ಕೆಸರು. ಇಷ್ಟು ದಡ್ಡ ಕೈಯನ್ನು ತನ್ನ ಜನ್ಮದಲ್ಲೇ ಕಂಡಿಲ್ಲ ಎಂದು ನೀರಕ್ಕ ಅವನ ಮುಖಕ್ಕೇ ಹೇಳಿದಳು. ಅವನು ಹಾಳೆ ಸುರುಳಿ ಸುತ್ತಿಕೊಂಡು ಹೋದ. ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಬಂದ, ಅವಳ ಕೈಯಲ್ಲೂ ಒಂದು ಕುಂಚ.