ಎರಡೇ ದಿನದ ಗೀಟು

ಹೊಲಿಗೆ ಮೆಷಿನ್ ರಿಪೇರಿಯವನಿಗೆ ಒಂದು ಹಟವಿತ್ತು. ತಾನೇ ಒಂದು ತಿಂಗಳು ತುಳಿದು ನೋಡದ ಮೆಷಿನ್ನಿನ ಮೈಮೇಲೆ ಚಾಕ್‌ಪೀಸಿನ ಗೀಟು ಎಳೆಯುತ್ತಿರಲಿಲ್ಲ. ಗೀಟು ಬಿತ್ತೆಂದರೆ ಬೀದಿಯವರು ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದರು. ಅವನು ಫೋನಿನಲ್ಲಿ ವಿಡಿಯೋ ಹಾಕತೊಡಗಿದ ಮೇಲೆ ಊರಾಚೆಯವರೂ ಮೊದಲು ಗೀಟು ಇದೆಯಾ ಎಂದೇ ನೋಡುತ್ತಿದ್ದರು.

ಅಂಥವನು ಈ ಸಲ ಎಡವಿದ. ಒಂದು ಮೆಷಿನ್ ಕಂಪನಿಯವರು ತಮ್ಮ ಹೊಸ ಮೆಷಿನ್ ಪುಕ್ಕಟೆ ಕೊಟ್ಟರು. ವಿಡಿಯೋದ ಕೆಳಗಿನ ಲಿಂಕಿನಿಂದ ಯಾರೇ ಕೊಂಡರೂ ಕಮಿಷನ್ ಎಂದರು. ಅವನು ತುಳಿದದ್ದು ಎರಡೇ ದಿನ. "ಆ ಗೀಟೊಂದು ಎಳೆದುಬಿಡಿ ಸಾರ್, ಚೆನ್ನಾಗಿ ಕಾಣುತ್ತೆ" ಎಂದರು. ಎಳೆದ. ವಿಡಿಯೋದಲ್ಲಿ ಪುಕ್ಕಟೆಯ ಮಾತನ್ನಾಗಲಿ ಕಮಿಷನ್ನಿನ ಮಾತನ್ನಾಗಲಿ ಆಡಲಿಲ್ಲ. ಅಯ್ಯೋ ಪುಣ್ಯಾತ್ಮ, ಬಾಯಿಗೇನು ಬೀಗ ಬಿದ್ದಿತ್ತೇ!

ಮೂರನೇ ವಾರಕ್ಕೆ ಆ ಮೆಷಿನ್ ದಪ್ಪ ಬಟ್ಟೆಯಲ್ಲಿ ಹೊಲಿಗೆ ಬಿಡತೊಡಗಿತು. ಅವತ್ತಿನಿಂದ ಫೋನ್ ಟಿಣ್ ಎಂದರೆ ಬೆಚ್ಚುತ್ತಿದ್ದ: ಲಿಂಕಿನಿಂದ ಇನ್ನೊಬ್ಬರು ಕೊಂಡರಂತೆ. ವಿಡಿಯೋ ತೆಗೆದುಬಿಡೋಣ ಎಂದುಕೊಂಡ. ಕಂಪನಿಯವರು ಏನಂದಾರೋ ಎಂದು ನಾಳೆಗೆ ತಳ್ಳಿದ.

ಅಷ್ಟರಲ್ಲಿ ಅಕ್ಕನ ಫೋನು. "ಲೋ, ನೀನು ಹೇಳಿದ ಮೆಷಿನ್ ತರಿಸಿದೆ ಕಣೋ! ಹಳೇದನ್ನ ಬೆಳಗ್ಗೆನೇ ಮಾರಿಬಿಟ್ಟೆ. ಬೇಗ ಬಾ."

ಅಕ್ಕ ಹೊಲಿಗೆಯಲ್ಲೇ ಮನೆ ನಡೆಸುವವಳು. ಶಾಲೆಯ ಚೀಲಗಳ ದೊಡ್ಡ ಆರ್ಡರ್ ಈಗಷ್ಟೇ ಸಿಕ್ಕಿತ್ತು. ಹದಿನೈದೇ ದಿನದ ಗಡುವು. ಚೀಲವೆಂದರೆ ದಪ್ಪ ಬಟ್ಟೆಯೇ. ಅವನು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಓಡಿದ.

ಅಕ್ಕ ಮೆಷಿನ್ನನ್ನು ಒರೆಸಿ ಕಿಟಕಿ ಪಕ್ಕ ಇಟ್ಟಿದ್ದಳು. ಅವನ ಕೈಗೆ ಚಾಕ್‌ಪೀಸು ಕೊಟ್ಟು, "ಗೀಟಿಲ್ದೇ ಬಂದಿದೆ ನೋಡು. ಎಳಿ, ಆಮೇಲೇ ನಾನು ದಾರ ಪೋಣಿಸೋದು" ಎಂದಳು.

ಅವನ ಕೈ ಮೇಲೇಳಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದ.

ಅಕ್ಕ ಅವನ ಕೈಯಿಂದ ಚಾಕ್‌ಪೀಸನ್ನು ವಾಪಸ್ ತೆಗೆದುಕೊಂಡಳು. "ನಾನು ತಗೊಂಡಿದ್ದಕ್ಕೂ ನಿಂಗೆ ಕಮಿಷನ್ ಬಂತಾ?"

"ಬಂತಕ್ಕ."

"ಇಷ್ಟನ್ನ ಮೊದಲೇ ಹೇಳಿದ್ರೆ ನಿನ್ನ ನಾಲಿಗೆ ಸವೆದು ಹೋಗ್ತಿತ್ತೇನೋ?"

ನಾಚಿಕೆಯಿಂದ ಅವನಿಗೆ ಭೂಮಿಗಿಳಿದು ಹೋದಂತಾಯಿತು. "ನನ್ನ ಅಂಗಡಿ ಮೆಷಿನ್ ತಂದುಕೊಡ್ತೀನಿ, ಅದರಲ್ಲಿ ಹೊಲಿ. ಇದನ್ನ ವಾಪಸ್ ಕಳಿಸೋಣ."

"ನನಗೇನೋ ತಂದುಕೊಡ್ತೀಯ. ಮಿಕ್ಕವರಿಗೆ ಯಾವ ತಮ್ಮ ತಂದುಕೊಡ್ತಾನೆ?"

ಅವನು ಫೋನನ್ನು ಕಿಟಕಿಗೆ ಒರಗಿಸಿ ವಿಡಿಯೋ ಶುರು ಮಾಡಿದ. "ಈ ಮೆಷಿನ್ ನನಗೆ ಪುಕ್ಕಟೆ ಬಂದದ್ದು..." ದನಿ ನಡುಗಿತು.

"ಗಟ್ಟಿಯಾಗಿ ಹೇಳು" ಎಂದಳು ಅಕ್ಕ. "ಗೀಟು ಎಳೆಯುವಾಗ ಕೈ ನಡುಗ್ಲಿಲ್ವಲ್ಲ."