ಊರಿಗೆ ಹೋಗುವ ಗಡಿಯಾರ

ಬಾಂದ್ರಾದ ಹೋಟೆಲಿನಲ್ಲಿ ಸಪ್ಲೈಯರುಗಳಾಗಿದ್ದ ನಾವು ನಾಲ್ವರೂ ಉಡುಪಿ ಕಡೆಯ ಒಂದೇ ಊರಿನವರು. ನಾಲ್ವರಿಗೂ ಸೇರಿ ಇದ್ದದ್ದು ಒಂದು ಕೈಗಡಿಯಾರ, ಒಂದು ಜೊತೆ ಬೂಟು, ಧಾರಾವಿಯಲ್ಲಿ ಮಾಡಿಸಿದ ಒಂದು ಚರ್ಮದ ಪೆಟ್ಟಿಗೆ. ಯಾರಿಗೆ ರಜೆಯೋ ಅವನಿಗೆ ಅವು. ಉಳಿದ ದಿನ ಹೋಟೆಲಿನಲ್ಲಿ ಅಡಿಗೆ ಮಾಡುವ ಹಿರಿಯರ ಟ್ರಂಕಿನಲ್ಲಿ ಭದ್ರ. ಬೊಂಬಾಯಿಯಿಂದ ಬಂದವನು ಬರಿಗೈಯಲ್ಲಿ ಬಸ್ಸಿಳಿದರೆ ಊರು ಸುಮ್ಮನಿರುತ್ತದೆಯೇ?

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ, ಮಾರಾಯ," ಎನ್ನುತ್ತಲೇ ಹಿರಿಯರು ಟ್ರಂಕಿನ ಬೀಗ ತೆಗೆಯುತ್ತಿದ್ದರು.

ಮದುವೆಗೆ ಮೊದಲು ನನಗೆ ದುಡ್ಡಿನ ಚಿಂತೆಯೇ ಇರಲಿಲ್ಲ. ಊಟ ಹೋಟೆಲಿನದು, ಮಲಗಲು ಹೋಟೆಲಿನದೇ ಮೇಜು. ಟಿಪ್ಸು ಸಿನಿಮಾಕ್ಕೆ, ತಲೆಯ ಎಣ್ಣೆಗೆ. ಸಂಬಳ ಧಣಿಗಳ ಹತ್ತಿರವೇ ಇರುತ್ತಿತ್ತು. ಊರಿಗೆ ಹೊರಟಾಗ ಒಟ್ಟಿಗೆ ಕೊಡುತ್ತಿದ್ದರು. ಅದು ಒಮ್ಮೆ ತಂಗಿಯ ಮದುವೆಗೆ ಹೋಯಿತು, ಇನ್ನೊಮ್ಮೆ ನನ್ನ ಮದುವೆಗೆ. ಹೋಗಲಿ, ಅದಕ್ಕೆ ಬೇಸರವಿಲ್ಲ.

ಬೇಸರ ಶುರುವಾದದ್ದು ಆಮೇಲೆ. ಹೆಂಡತಿ ಊರಿನಲ್ಲಿ, ನಾನು ಮೇಜಿನ ಮೇಲೆ. ಜೋಗೇಶ್ವರಿಯ ಚಾಳಿನಲ್ಲಿ ಪಗಡಿಯ ಇಡಿಗಂಟು ಕೊಟ್ಟು ಒಂದು ಕೋಣೆಯ ಖೋಲಿ ಹಿಡಿಯಬೇಕು, ಅವಳನ್ನು ಕರೆತರಬೇಕು, ಇದೊಂದೇ ಹಟ ನನಗೆ. ಆದರೆ ಒಮ್ಮೆ ಊರಿಗೆ ಹೋಗಿ ಬಂದರೆ ಕೂಡಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅತ್ತೆಗೆ ಸೀರೆ, ಭಾವನಿಗೆ ಟೆರಿಲಿನ್ ಶರ್ಟು, ಆಚೀಚೆ ಮನೆಗೆಲ್ಲ ವಾಸನೆ ಸೋಪು. ಹೋಗದಿದ್ದರೆ ಹೆಂಡತಿಯ ಮುಖ ನೋಡುವುದು ಹೇಗೆ? ಹೋದರೆ ಅವಳನ್ನು ಕರೆತರುವುದು ಹೇಗೆ? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗುತ್ತಿತ್ತು.

ಹಾಗೊಂದು ಸಲ ಹೋದಾಗ ಅವಳು ನನ್ನ ಕೈ ಹಿಡಿದು ಗಡಿಯಾರವನ್ನು ಬೆಳಕಿಗೆ ತಿರುಗಿಸಿದಳು.

"ಗಾಜಿನಲ್ಲಿ ಬಿರುಕುಂಟಲ್ಲ. ಹೋದ ವರ್ಷ ನಿಮ್ಮ ಹೋಟೆಲಿನ ಆಚೆಮನೆಯವರು ಬಂದಾಗ ಅವರ ಕೈಯಲ್ಲೂ ಇದೇ ಇತ್ತು."

"ಒಂದೇ ಅಂಗಡಿಯಲ್ಲಿ ತೆಗೊಂಡದ್ದು."

"ಬಿರುಕೂ ಆ ಅಂಗಡಿಯದ್ದೇ ಏನು?"

ಥತ್! ಒಂದೇ ಗಡಿಯಾರ ಕಟ್ಟಿಕೊಂಡು ಸರದಿಯಂತೆ ಒಂದೇ ಊರಿಗೆ ಹೋಗುತ್ತಿದ್ದ ನಮ್ಮ ಬುದ್ಧಿಗೆ ಏನೆನ್ನಬೇಕು? ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಊರಿನವರಿಗೆ ತೋರಿಸಿದ್ದು ಸಾಕು. ಖೋಲಿ ಆಗುವವರೆಗೆ ನೀವು ಬರುವುದೇ ಬೇಡ. ನಾನು ಹೇಗಾದರೂ ಇರ್ತೇನೆ," ಎಂದಳು. ಹೇಳಿ ಒಳಗೆ ಹೋಗಿ ಅತ್ತದ್ದು ನನಗೆ ಕೇಳಿಸಿತು.

ನಾನು ಹೋಗಲಿಲ್ಲ. ನನ್ನ ಸರದಿ ಬಂದಾಗಲೆಲ್ಲ ಗಡಿಯಾರ ಬೇರೆಯವನ ಕೈಗೆ ಹೋಯಿತು. ಸಿನಿಮಾ ಬಿಟ್ಟೆ. ಕಾಫಿಗೆ ಸಕ್ಕರೆ ಕಡಿಮೆ ಎಂದ ಗಿರಾಕಿಯ ಮೇಲೂ ರೇಗುತ್ತಿದ್ದೆ. ಹಿರಿಯರು ಒಮ್ಮೆ ಪಕ್ಕಕ್ಕೆ ಕರೆದು, "ಸುಮ್ಮನೆ ಹೋಗಿ ಬಾ. ನಾನೂ ನಿನ್ನ ಹಾಗೆಯೇ ಕೂಡಿಸಿ ಊರಲ್ಲಿ ಹಂಚಿನ ಮನೆ ಕಟ್ಟಿಸಿದೆ. ಅದರಲ್ಲಿ ಒಂದು ಮಳೆಗಾಲವೂ ಮಲಗಿದವನಲ್ಲ," ಎಂದರು. ನಾನು ಕೇಳಲಿಲ್ಲ.

ಅಂತೂ ಖೋಲಿ ಆಯಿತು, ಅವಳು ಬಂದಳು. ಕಿಟಕಿ ತೆರೆದರೆ ಕಾರ್ಖಾನೆಯ ಗೋಡೆ, ಕಾಲು ಚಾಚಿದರೆ ಸ್ಟವ್. ಅವಳು ಏಳುವ ಮೊದಲೇ ನಾನು ಲೋಕಲ್ ಹಿಡಿಯಬೇಕು. ಬರುವಷ್ಟರಲ್ಲಿ ಅವಳು ಕಾದು ಕಾದು ಮಲಗಿರುತ್ತಿದ್ದಳು. ಹಿಂದಿ ಬಾರದು, ನಲ್ಲಿಯ ಸಾಲಿನಲ್ಲೂ ಮೂಕಿಯಂತೆ ನಿಲ್ಲುತ್ತಿದ್ದಳಂತೆ. ಊರಿಡೀ ತಿರುಗಾಡಿ ಮಾತಾಡುತ್ತಿದ್ದ ಹೆಂಗಸು! "ಇದಕ್ಕೇ ಏನು ನಾವು ಮುಖ ನೋಡದೆ ಕೂತದ್ದು?" ಎಂದು ಒಂದು ದಿನ ಕೇಳಿದಳು.

ಅಷ್ಟರಲ್ಲಿ ಅವಳ ತಮ್ಮನ ಮದುವೆ ಗೊತ್ತಾಯಿತು. ಇಬ್ಬರೂ ಊರಿಗೆ ಹೋಗುವುದೆಂದು ಆದಾಗ, ಖೋಲಿಗೆ ಬಂದ ಮೇಲೆ ಮೊದಲ ಸಲ ಅವಳು ಹಾಡು ಗುನುಗುತ್ತಾ ಸೀರೆ ಮಡಿಚಿದಳು. ಎರಡು ಸೀರೆ ಮಡಿಚಿದವಳು ಮೂರನೆಯದನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತುಬಿಟ್ಟಳು. ಸೆರಗಿನ ಹತ್ತಿರ ಹರಿದಿತ್ತು.

"ಬೊಂಬಾಯಿಗೆ ಹೋದವರು ಹೀಗೆ ಬಂದ್ರು ಅಂತ ಆಡಿಕೊಳ್ತಾರೆ," ಎಂದಳು. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದಳು:

"ಆ ಗಡಿಯಾರ ಸಿಗ್ತದಾ, ಕೇಳಿ. ಗಾಜು ಮಾತ್ರ ಹೊಸದು ಹಾಕಿಸಿ."